ಬಾಯಿಪಾಠದ ಪ್ರಾರ್ಥನೆಯಲ್ಲೂ ಜೀವವಿದೆ

ಮಾನ್ಯ ಸಂಪಾದಕರೇ,

ಹೇಳಿದ್ದನ್ನೇ ಹೇಳುವ ಪ್ರಾರ್ಥನೆ ಬರೀ ಗಿಣಿಪಾಠ, ಅದರಿಂದ ಮನಸ್ಸಿಗೆ ಏನೂ ದಕ್ಕುವುದಿಲ್ಲ ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಮಣಿಸರ ಹಿಡಿದು ನಾವು ಹೇಳುವ ಜಪಸರವನ್ನೂ (ರೋಸರಿ) ಆ ಪಟ್ಟಿಗೆ ಸೇರಿಸಿದ್ದರು. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು, ಕಥೋಲಿಕ. ದಿನವೂ ಜಪಸರ ಹೇಳುತ್ತೇನೆ. ವಾದಕ್ಕಲ್ಲ, ನನಗೆ ಅದರಿಂದ ಏನು ಸಿಕ್ಕಿತು ಅಂತ ಹೇಳೋಣ ಎಂದು ಬರೆಯುತ್ತಿದ್ದೇನೆ.

'ನಮೋ ಮರಿಯಾ' ಎಂದು ಹತ್ತು ಹತ್ತರಂತೆ ಐದು ಸುತ್ತು ಹೇಳುತ್ತೇವೆ. ಬಾಯಿಗೆ ಅದೇ ಮಾತು, ನಿಜ. ಆದರೆ ಒಂದೊಂದು ಸುತ್ತಿಗೂ ಯೇಸುಸ್ವಾಮಿಯ ಕಥೆಯ ಒಂದು ಘಟನೆ ಇದೆ, ಅದನ್ನೇ ನಾವು 'ರಹಸ್ಯ' ಎನ್ನುವುದು. ಮನಸ್ಸು ಇರಬೇಕಾದ್ದು ಅಲ್ಲಿ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಗುರುವಾರಕ್ಕೆ ಬೆಳಕಿನ ರಹಸ್ಯಗಳನ್ನು 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದರು. ನಮ್ಮಮ್ಮ ಮಾತ್ರ ಕೊನೆವರೆಗೂ ಗುರುವಾರ ಹಳೇ ಪದ್ಧತಿಯಂತೆ ಸಂತೋಷದವನ್ನೇ ಹೇಳಿದರು. ಪೋಪ್ ಹೇಳಿದರೂ ಕೇಳಲಿಲ್ಲ!

ಸಂತೋಷದ ಎರಡನೇ ರಹಸ್ಯದಲ್ಲಿ ಬಸುರಿ ಮರಿಯಮ್ಮನವರು, ಅಂದರೆ ಯೇಸುವಿನ ತಾಯಿ, ಬೆಟ್ಟದ ಸೀಮೆಯಲ್ಲಿದ್ದ ನೆಂಟರಾಕೆ ಎಲಿಜಬೇತಳನ್ನು ನೋಡಲು ಹೋಗುತ್ತಾರೆ. ಆಗ ನನಗೆ ಕಾಣುವುದು ಕೆ.ಆರ್. ನಗರ ಬಸ್ಸಿನ ಮುಂದಿನ ಸೀಟು. ತವರಿಗೆ ಹೊರಟ ಚೊಚ್ಚಲ ಬಸುರಿಯರು ಅಲ್ಲೇ ಕೂರುತ್ತಿದ್ದರು. 'ಅಣ್ಣಾ, ಗುಂಡಿ ಬಂದಾಗ ಡ್ರೈವರಣ್ಣಂಗೆ ಒಸಿ ನಿಧಾನ ಹೋಗಕ್ಕೇಳಿ' ಎನ್ನುತ್ತಿದ್ದರು. ಐದನೆಯ ರಹಸ್ಯದಲ್ಲಿ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದುಬಿಡುತ್ತಾನೆ. ಹುಡುಗ ಗುಂಪಿನಲ್ಲೇ ಇದ್ದಾನೆ ಅಂದುಕೊಂಡು ಅಪ್ಪ-ಅಮ್ಮ ಒಂದು ದಿನದ ದಾರಿ ಬಂದಿರುತ್ತಾರೆ. ಜಾತ್ರೆ ಸ್ಪೆಷಲ್ ಬಸ್ಸಿನಲ್ಲಿ ಇಂಥವು ಎಷ್ಟು ನೋಡಿಲ್ಲ! ಮಗು ಅಜ್ಜಿ ಹತ್ತಿರ ಇದೆ ಅಂತ ಇವರು, ಇವರ ಹತ್ತಿರ ಇದೆ ಅಂತ ಅಜ್ಜಿ. ಅರ್ಧ ದಾರಿಯಲ್ಲಿ ಗಲಾಟೆ. ಮಣಿ ಹಿಡಿದು ಕೂತಲ್ಲೇ ನಗು ಬರುತ್ತದೆ. ಆ ಪವಿತ್ರ ಕುಟುಂಬವೂ ನಮ್ಮ ಹಾಗೇ ಗಾಬರಿ ಬಿದ್ದದ್ದೇ ಅಲ್ವಾ.

ನನ್ನ ಹೆಂಡತಿಗೆ ಕಿಡ್ನಿ ಹೋದಾಗ ಡಯಾಲಿಸಿಸ್ ಇದ್ದದ್ದು ಮಂಗಳವಾರ, ಶುಕ್ರವಾರ. ದುಃಖದ ರಹಸ್ಯಗಳ ದಿನಗಳೇ. ಸ್ವಂತ ಮಾತಿನಲ್ಲಿ ಬೇಡಿಕೊಳ್ಳೋಣ ಅಂದರೆ ನನಗೆ ಬರುತ್ತಿದ್ದದ್ದು ಸಿಟ್ಟು ಮಾತ್ರ. ಆಗ ಕೈಹಿಡಿದದ್ದು ಈ ಬಾಯಿಪಾಠವೇ. 'ನಮೋ ಮರಿಯಾ'ದ ಮೊದಲರ್ಧ ನಾನು ಹೇಳುವುದು, 'ಸಂತ ಮರಿಯಾ' ಎಂದು ಶುರುವಾಗುವ ಉಳಿದರ್ಧ ಅವಳು. ಚಿಕ್ಕಂದಿನಿಂದ ನಮ್ಮ ನಮ್ಮ ಮನೆಗಳಲ್ಲಿ ಹೇಳಿಕೊಂಡು ಬಂದದ್ದೇ ಹಾಗೆ. ಅವಳಿಗೆ ದನಿ ಏಳದ ದಿನ ತುಟಿ ಅಲ್ಲಾಡುವುದು ನಿಲ್ಲಲಿ ಅಂತ ಕಾದು ಮುಂದಿನ ಮಣಿಗೆ ಹೋಗುತ್ತಿದ್ದೆ.

ಕೆ.ಆರ್. ನಗರದ ಹತ್ತಿರದ ಡೋರನಹಳ್ಳಿ ಚರ್ಚಿನ ಸಂತ ಅಂತೋಣಿಯವರಿಗೆ ಹರಕೆಯನ್ನೂ ಕಟ್ಟಿದೆವು. ಹೊಲ ಉಳುವಾಗ ರೈತನಿಗೆ ಸಿಕ್ಕಿದ್ದು ಎನ್ನುವ ಆ ಪ್ರತಿಮೆಯ ಮುಂದೆ ಎಲ್ಲ ಜಾತಿ, ಧರ್ಮದವರೂ ನಿಲ್ಲುತ್ತಾರೆ. ನಾವೂ ಜೂನ್ 13ರ ಹಬ್ಬದ ದಿನ ಸಾಲಿನಲ್ಲಿ ನಿಂತೆವು. ಕೇಳಿದ್ದು ಸಿಗಲಿಲ್ಲ. ಅವಳು ಹೋದಳು. ವಾಸಿಯಾದವರ ಸಾಕ್ಷ್ಯವನ್ನಷ್ಟೇ ಮೈಕಿನಲ್ಲಿ ಹೇಳಿಸುವುದು ನಮ್ಮವರಲ್ಲಿ ಜಾಸ್ತಿ. ನನಗದು ಹಿಡಿಸುವುದಿಲ್ಲ. ದುಃಖದ ಮೊದಲನೇ ರಹಸ್ಯ ಗೆತ್ಸೆಮನಿ ತೋಟದ್ದು, ಶಿಲುಬೆಗೇರುವ ಹಿಂದಿನ ರಾತ್ರಿಯದು. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಲಿ ಎಂದು ಯೇಸುಸ್ವಾಮಿಯೂ ಬೇಡಿಕೊಂಡರು, ತೊಲಗಲಿಲ್ಲ. ಜೊತೆಗಿರಬೇಕಾದ ಶಿಷ್ಯರು ನಿದ್ದೆ ಹೋಗಿದ್ದರು. ನನಗೆ ಜೊತೆ ಸಿಕ್ಕಿದ್ದು ಆ ತೋಟದಲ್ಲಿ. ಸಮಾಧಾನ ಹೇಳಲು ಬಂದವರ್‍ಯಾರಿಂದಲೂ ಅದು ಆಗಿರಲಿಲ್ಲ.

ಅಕ್ಟೋಬರ್ ಜಪಸರದ ತಿಂಗಳು. ನಮ್ಮ ಬೀದಿಯಲ್ಲಿ ಸಂಜೆ ಹೊತ್ತು ಮನೆಯಿಂದ ಮನೆಗೆ ಹೋಗಿ ಹೇಳುತ್ತೇವೆ. ಈಗ ನನ್ನ ಮನೆಯಲ್ಲಿ ಉಳಿದರ್ಧವನ್ನು ಇಡೀ ಬೀದಿಯವರು ಹೇಳುತ್ತಾರೆ. ಆಮೇಲೆ ಟೀ, ಮಂಡಕ್ಕಿ, ಊರ ಸುದ್ದಿ. ಕೆಲವರು ಲಾಸ್ಟ್ ಬಸ್ಸು ಹಿಡಿಯುವವರ ಹಾಗೆ ಗಡಗಡ ಹೇಳಿ ಮುಗಿಸುವುದೂ ಉಂಟು. ಓದುಗರ ಟೀಕೆ ಅವರಿಗೆ ಸಲ್ಲಲಿ, ಜಪಸರಕ್ಕೆ ಬೇಡ.

— ಒಬ್ಬ ನಿವೃತ್ತ ಕಂಡಕ್ಟರ್, ಮೈಸೂರು