ಮಿರ್ಚಿ ಕಟ್ಟಿದ ಕಾಗದದಲ್ಲಿ ಆಧಾರ್ ಕಾರ್ಡ್: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ದಾವಣಗೆರೆ

ನಮಸ್ಕಾರ. ನಾನು ಪಿ.ಬಿ. ರಸ್ತೆಯ ಹತ್ತಿರ 13 ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ.

ಕಳೆದ ತಿಂಗಳು ಒಂದು ಸಂಜೆ ಅಂಗಡಿಗೆ ಮಂಡಕ್ಕಿ, ಮಿರ್ಚಿ ತರಿಸಿದ್ದೆ. ಮಿರ್ಚಿ ಕಟ್ಟಿದ್ದ ಕಾಗದ ಬಿಚ್ಚಿದರೆ ಒಳಗೆ ಒಬ್ಬ ಹೆಣ್ಣುಮಗಳ ಫೋಟೊ. ಆಧಾರ್ ಜೆರಾಕ್ಸ್. ಕಾಗದ ಎಣ್ಣೆ ಕುಡಿದಿತ್ತು, ಆದರೂ 12 ಅಂಕಿಯೂ ಓದಲು ಬರುತ್ತಿದ್ದವು. ಅದರ ಕೆಳಗೆ ಪಾಸ್‌ಬುಕ್ಕಿನ ಮೊದಲ ಪುಟ, ಮೊಬೈಲ್ ನಂಬರ್, ನೀಲಿ ಶಾಯಿಯ ಹೆಬ್ಬೆಟ್ಟು. ವಿಳಾಸ ಜಗಳೂರು ಕಡೆಯ ಹಳ್ಳಿಯದು. ಮೂಲೆಯಲ್ಲಿ ಟ್ಯಾಗ್ ದಾರ ಪೋಣಿಸಿದ ತೂತು, ಪಕ್ಕದಲ್ಲಿ ಅರ್ಜಿ ತಗೊಂಡ ಸೀಲು. ಅಂದರೆ ಅದು ಯಾವುದೋ ಕಚೇರಿಯ ಫೈಲಿನಲ್ಲಿದ್ದ ಹಾಳೆ. ರದ್ದಿಗೆ ಹೋಗಿ, ಅಲ್ಲಿಂದ ಮಿರ್ಚಿ ಗಾಡಿಗೆ ಬಂದಿದೆ. ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ಯಾರನ್ನೋ ಬೈಯಲಿಕ್ಕೆ ಈ ಪತ್ರ ಬರೆಯುತ್ತಿಲ್ಲ.

ಆ ತಾಯಿಗೆ ಹೇಳೋಣ ಅಂತ ಅದೇ ನಂಬರಿಗೆ ಫೋನ್ ಮಾಡಿದೆ. ಆಧಾರ್ ಅನ್ನುವ ಮಾತು ನನ್ನ ಬಾಯಿಂದ ಬಂದದ್ದೇ ತಡ, "ನಾ ಏನೂ ಹೇಳಂಗಿಲ್ಲ, ಇಡಪ್ಪ ಫೋನು" ಅಂದು ಕಟ್ ಮಾಡಿದರು. ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಫೋನಿನಲ್ಲಿ ಯಾರಿಗೂ ಏನೂ ಹೇಳಬೇಡಿ ಅಂತ ಇಷ್ಟು ವರ್ಷ ಹೇಳಿದ್ದನ್ನು ಆಕೆ ಚಾಚೂತಪ್ಪದೆ ಪಾಲಿಸುತ್ತಿದ್ದಾರೆ. ಆಕೆ ಬಚ್ಚಿಟ್ಟುಕೊಂಡದ್ದೆಲ್ಲ ನನ್ನ ಕೈಯಲ್ಲಿತ್ತು.

ಆ ಒಂದು ಹಾಳೆ ಸಾಕು ಸ್ವಾಮಿ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಒಟಿಪಿ ಬೇಕಿಲ್ಲ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಆಯಿತು. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದಿದ್ದವು.

ಸಾಲದ ಮೋಸ ಇನ್ನೊಂದು. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬ ಹುಡುಗ ನಮ್ಮ ಅಂಗಡಿಗೆ ಬರುತ್ತಾನೆ. ಕಂತಿನಲ್ಲಿ ಬೈಕ್ ತಗೊಳ್ಳಲು ಹೋದಾಗ ಗೊತ್ತಾಗಿದ್ದು, ಅವನ ಹೆಸರಲ್ಲಿ ಆಗಲೇ ಒಂದು ಸಾಲ ಇದೆ, ಕಟ್ಟಿಲ್ಲ ಅಂತ. "ಅಣ್ಣಾ, ತಗೊಂಡೇ ಇಲ್ಲ ಅಂತ ಹೆಂಗ್ ತೋರಿಸ್ಲಿ?" ಅಂತ ಕೇಳಿದ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ ಕಲಂ ಪ್ರಕಾರ ಇನ್ನೊಬ್ಬರ ಗುರುತು ಕದ್ದು ಬಳಸುವ ಇಂಥ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಆದರೆ ಕಳ್ಳ ಸಿಗುವ ತನಕ ಅಲೆಯುವವನು ಈ ಹುಡುಗನೇ. ಹೋದಲ್ಲೆಲ್ಲ ದೂರಿನ ಜೊತೆ ಮತ್ತೆ ಆಧಾರ್ ಜೆರಾಕ್ಸ್ ಕೇಳಿದರು. ಅದನ್ನು ತೆಗೆದುಕೊಡುವಾಗ ನನಗೆ ಕೈಯೇ ಬರಲಿಲ್ಲ.

ಹಾಗಾದರೆ ಜೆರಾಕ್ಸ್ ಕೊಡಬೇಡಿ ಅನ್ನಬಹುದು. ಅರ್ಜಿ ಹಿಡಿದು ಕಿಟಕಿ ಮುಂದೆ ನಿಂತವರು ಕೊಡಲ್ಲ ಅಂತ ಹೇಳೋಕೆ ಆಗುತ್ತಾ? 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಕೊಟ್ಟಿತ್ತು. ಜೆರಾಕ್ಸ್ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಎರಡೇ ದಿನಕ್ಕೆ ಆ ಪ್ರಕಟಣೆ ವಾಪಸಾಯಿತು. ಮಾಸ್ಕ್ಡ್ ಆಧಾರ್ ಮಾತ್ರ ಇವತ್ತಿಗೂ ಇದೆ, ಉಚಿತವಾಗಿ ಸಿಗುತ್ತದೆ. ನ್ಯಾಮತಿಯಿಂದ ಬಂದಿದ್ದ ಒಬ್ಬ ಅಜ್ಜಿಗೆ ನಾನೇ ಡೌನ್‌ಲೋಡ್ ಮಾಡಿ ಕೊಟ್ಟೆ. ಅರ್ಧ ಗಂಟೆಯಲ್ಲಿ ವಾಪಸ್ ಬಂದರು. "ನಂಬರೇ ಇಲ್ಲ, ಇದು ನಡೆಯಲ್ಲ ಅಂದ್ರಪ್ಪಾ." ಅವರ ಹಳ್ಳಿಯ ಬಸ್ ಹೊರಡುವ ಹೊತ್ತಾಗಿತ್ತು. ಪೂರ್ತಿ ನಂಬರಿನ ಜೆರಾಕ್ಸನ್ನೇ ತೆಗೆದುಕೊಟ್ಟೆ.

ಖಾತೆಗೆ ಹಣ ಹಾಕುವ ಯೋಜನೆಗೆ ಪೂರ್ತಿ ನಂಬರ್ ಬೇಕು, ಒಪ್ಪುತ್ತೇನೆ. ಅದನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಆ ಹಾಳೆಯನ್ನು ವರ್ಷಗಟ್ಟಲೆ ಕಟ್ಟಿಡುವುದು ಯಾಕೆ? ಇಡಲೇಬೇಕಾದರೆ ಬೀಗ ಹಾಕಿ ಇಡಲಿ. ಅವಧಿ ಮುಗಿದ ಮೇಲೆ ರದ್ದಿಗೆ ಕೊಡುವುದನ್ನು ತಾವು ನಿಲ್ಲಿಸಬೇಕು. ಇದು ನನ್ನ ಮುಖ್ಯ ಕೋರಿಕೆ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ನ್ಯಾಮತಿ, ಎಲ್ಲ ಕಡೆ ತಾಲ್ಲೂಕು ಕಚೇರಿಗೆ ಒಂದೊಂದು ಕಾಗದ ಚೂರು ಮಾಡುವ ಮಷಿನ್ ಕೊಡಿಸಿ. ಗುರುತಿಗೆ ಮಾತ್ರ ಕೇಳುವ ಕಡೆ ಮಾಸ್ಕ್ಡ್ ಆಧಾರ್ ನಡೆಯುತ್ತದೆ ಅಂತ ಕಿಟಕಿ ಪಕ್ಕ ಬೋರ್ಡ್ ಹಾಕಿಸಿ. ಹಣ ಹೋದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತಲೂ ಅದರಲ್ಲೇ ಬರೆಸಿ. ಗ್ರಾಮ ಒನ್ ಕೇಂದ್ರಗಳಲ್ಲಿ ಆಧಾರ್‌ನಲ್ಲಿ ಬೆರಳಚ್ಚನ್ನು ಬೇರೆಯವರು ಬಳಸಲಾಗದಂತೆ ಲಾಕ್ ಮಾಡುವುದನ್ನು ಜನರಿಗೆ ಕಲಿಸಿಕೊಡಲಿ.

ನಮ್ಮಂಥ ಅಂಗಡಿಗಳಿಗೂ ನಿಯಮ ಮಾಡಿ. ಪೇಪರ್ ಸಿಕ್ಕಿಕೊಂಡು ಕೆಟ್ಟ ಪ್ರತಿಗಳು ನಮ್ಮಲ್ಲೂ ಬುಟ್ಟಿ ತುಂಬುತ್ತವೆ. ಜನ ವಾಟ್ಸಾಪಿನಲ್ಲಿ ಕಳಿಸಿದ ಫೈಲು ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನಾನು ಈಗ ಗಿರಾಕಿಯ ಎದುರಿಗೇ ಅಳಿಸುತ್ತೇನೆ, ಕೆಟ್ಟ ಹಾಳೆಯನ್ನು ಚೂರು ಮಾಡುತ್ತೇನೆ. ಇದನ್ನು ಮೊದಲ ದಿನದಿಂದಲೇ ಮಾಡಬೇಕಿತ್ತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಅರ್ಜಿಯ ಮೇಲೆ. ಆ ಹಕ್ಕು ಜಗಳೂರು ಕಡೆಯ ಆ ತಾಯಿಗೂ ಇದೆ ಅಲ್ವಾ?

ಆಕೆಯ ಹಾಳೆಯನ್ನು ಅವತ್ತೇ ಸುಟ್ಟುಹಾಕಿದೆ. ಅದೇ ಕಟ್ಟಿನಲ್ಲಿದ್ದ ಉಳಿದ ಹಾಳೆಗಳು ಯಾವ ಯಾವ ಗಾಡಿಯಲ್ಲಿವೆಯೋ ಗೊತ್ತಿಲ್ಲ. ದಯವಿಟ್ಟು ಈ ವಾರವೇ ಒಂದು ಸುತ್ತೋಲೆ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜೆರಾಕ್ಸ್ ಅಂಗಡಿಯವ
ದಾವಣಗೆರೆ