ಕರೆಂಟ್ ಕಡಿಮೆ, ಕಸರತ್ತು ಹೆಚ್ಚು: ಜೂನ್ 1ರಿಂದ ನಮ್ಮ ಫಿಸಿಯೋಥೆರಪಿ ಕೇಂದ್ರದಲ್ಲಿ ಬದಲಾವಣೆ

ನಮ್ಮ ಕೇಂದ್ರಕ್ಕೆ ಬರುತ್ತಿರುವ ಹಿರಿಯರಿಗೆ, ಆಟಗಾರರಿಗೆ, ದುಡಿಯುವ ಬಂಧುಗಳಿಗೆ ನಮಸ್ಕಾರ.

ಜೂನ್ 1ರಿಂದ ನಮ್ಮಲ್ಲಿ ಚಿಕಿತ್ಸೆ ನಡೆಯುವ ರೀತಿ ಬದಲಾಗುತ್ತಿದೆ. ‘ಹತ್ತು ದಿನ ಕರೆಂಟ್’ ಎಂದು ನೀವೆಲ್ಲ ಕರೆಯುವ ಪ್ಯಾಕೇಜ್ ಇನ್ನು ಮುಂದೆ ಇರುವುದಿಲ್ಲ. ಅದರ ಬದಲು ಮೊದಲ ಭೇಟಿಗೆ ಒಂದು ಗಂಟೆ, ಆಮೇಲಿನ ಪ್ರತಿ ಭೇಟಿಗೆ ನಲವತ್ತು ನಿಮಿಷ ಕೊಡುತ್ತೇವೆ. ದಿನಾ ಬರಬೇಕಿಲ್ಲ, ವಾರಕ್ಕೆ ಒಂದು ಅಥವಾ ಎರಡು ಸಲ ಬಂದರೆ ಸಾಕು. ಆ ಸಮಯದ ಹೆಚ್ಚಿನ ಪಾಲು ವ್ಯಾಯಾಮಕ್ಕೆ ಮೀಸಲು. ಶುಲ್ಕವೂ ಬದಲಾಗುತ್ತದೆ, ಅದನ್ನು ಕೆಳಗೆ ವಿವರವಾಗಿ ಬರೆದಿದ್ದೇವೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿ ಮುಗಿಸುವ ವಿಷಯ ಇದಲ್ಲ. ನಿಮ್ಮ ದೇಹಕ್ಕೆ, ನಿಮ್ಮ ದುಡಿಮೆಗೆ ಸಂಬಂಧಿಸಿದ ತೀರ್ಮಾನವಾದ್ದರಿಂದ ಕಾರಣಗಳನ್ನು ಪೂರ್ತಿಯಾಗಿ ಹೇಳುವುದು ನಮ್ಮ ಕರ್ತವ್ಯ.

ಈಗಿನ ಪದ್ಧತಿ ನಿಮಗೆ ಗೊತ್ತೇ ಇದೆ. ಮಂಚದ ಮೇಲೆ ಮಲಗಿದವರಿಗೆ ನೋವಿರುವ ಕಡೆ ಪ್ಯಾಡ್ ಅಂಟಿಸಿ ಸಣ್ಣ ಪ್ರಮಾಣದ ಕರೆಂಟ್ ಹರಿಸುತ್ತೇವೆ. ಹದಿನೈದು ಇಪ್ಪತ್ತು ನಿಮಿಷ ಜುಮುಜುಮು ಎನ್ನುತ್ತದೆ. ನಂತರ ಒಂದಿಷ್ಟು ಶೇಕ, ಕೊನೆಯ ಐದು ನಿಮಿಷ ವ್ಯಾಯಾಮ. ಬಳ್ಳಾರಿಯಲ್ಲಿ ಮಾತ್ರವಲ್ಲ, ಎಷ್ಟೋ ಊರುಗಳಲ್ಲಿ ಫಿಸಿಯೋಥೆರಪಿ ಎಂದೊಡನೆ ಜನರ ಮನಸ್ಸಿಗೆ ಬರುವ ಚಿತ್ರ ಇದೇ. ಕರೆಂಟ್‌ನಿಂದ ಸಿಗುವ ಆರಾಮ ಸುಳ್ಳಲ್ಲ, ಅದು ನೋವಿನ ಅನುಭವವನ್ನು ಕೆಲವು ಗಂಟೆಗಳ ಮಟ್ಟಿಗೆ ತಗ್ಗಿಸಬಲ್ಲದು. ಆದರೆ ಅದರಿಂದ ತೊಡೆಗೆ ಬಲ ಬರುವುದಿಲ್ಲ, ಬಿಗಿದ ಭುಜ ಮೇಲಕ್ಕೆ ಏಳುವುದಿಲ್ಲ, ಮರುದಿನ ಹೊಲದಲ್ಲಿ ಬಾಗಿದಾಗ ಟೊಂಕ ತಡೆದುಕೊಳ್ಳುವುದಿಲ್ಲ. ಆ ಕೆಲಸವನ್ನು ಮಾಡುವುದು ವ್ಯಾಯಾಮ. ಅದಕ್ಕೆ ಐದು ನಿಮಿಷ ಸಾಲದು.

ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2016ರಲ್ಲಿ ಟೊಂಕ ನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಲ್ಟ್ರಾಸೌಂಡ್, ಟೆನ್ಸ್ ಮತ್ತು ಇಂಟರ್‌ಫೆರೆನ್ಷಿಯಲ್ ಎಂಬ ಎರಡು ಬಗೆಯ ಕರೆಂಟ್, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ), ಸೊಂಟದ ಬೆಲ್ಟ್ ಇವು ಬೇಡ ಎಂದು ಹೇಳಿತು. 2022ರಲ್ಲಿ ಕೀಲು ಸವೆತದ ಬಗ್ಗೆ ಬರೆಯುವಾಗಲೂ ಇಂಥ ಯಂತ್ರಗಳನ್ನು ಬದಿಗಿಟ್ಟು, ಸವೆತ ಇರುವ ಎಲ್ಲರಿಗೂ ಅವರವರಿಗೆ ಹೊಂದುವ ವ್ಯಾಯಾಮ ಕೊಡಬೇಕೆಂದು ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಟೊಂಕ ನೋವಿನ ಕುರಿತು ಪ್ರಕಟಿಸಿದ ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ: ರೋಗಿಗೆ ತಿಳಿವಳಿಕೆ ಮತ್ತು ವ್ಯಾಯಾಮ ಬೇಕು, ಟ್ರಾಕ್ಷನ್ ಮತ್ತು ಬೆಲ್ಟ್ ಬೇಡ. ಹೀಗಾಗಿ ಟ್ರಾಕ್ಷನ್ ಮಂಚವನ್ನು ತೆಗೆದು, ಆ ಜಾಗದಲ್ಲಿ ಚಾಪೆ, ಮರದ ಮೆಟ್ಟಿಲು, ಡಂಬೆಲ್‌ಗಳು ಮತ್ತು ಗೋಡೆಗೆ ಬಿಗಿದ ಹಿಡಿಕೆ ಇಟ್ಟಿದ್ದೇವೆ.

ಯಂತ್ರಗಳನ್ನು ಪೂರ್ತಿ ಮುಚ್ಚಿಡುತ್ತಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಎಷ್ಟು ಪ್ರಯತ್ನಿಸಿದರೂ ಬಿಗಿಯಾಗುವುದಿಲ್ಲ. ಆಗ ಕರೆಂಟ್ ಕೊಟ್ಟು ಅದನ್ನು ಎಚ್ಚರಿಸುವುದರಿಂದ ನಿಜವಾದ ಲಾಭವಿದೆ. ನೋವಿನಿಂದ ಕೈಕಾಲು ಆಡಿಸಲೂ ಆಗದವರಿಗೆ ವ್ಯಾಯಾಮ ಶುರುಮಾಡುವ ಮಟ್ಟಕ್ಕೆ ಆರಾಮ ಕೊಡಲು ಟೆನ್ಸ್ ಬಳಸುತ್ತೇವೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಿಗಿದ ಬೆರಳುಗಳಿಗೆ ಮೇಣದ ಶೇಕವೂ ಇರುತ್ತದೆ. ಇವೆಲ್ಲ ವ್ಯಾಯಾಮಕ್ಕೆ ದಾರಿ ಮಾಡಿಕೊಡುವುದಕ್ಕಾಗಿ, ಅದರ ಜಾಗಕ್ಕೆ ಬರುವುದಕ್ಕಲ್ಲ.

ನಮ್ಮಲ್ಲಿ ಬರುವವರಲ್ಲಿ ಜೀನ್ಸ್ ಹೊಲಿಯುವವರು ಬಹಳ. ಬಳ್ಳಾರಿಯ ಜೀನ್ಸ್ ನಾಡಿನ ಮೂಲೆ ಮೂಲೆಗೆ ಹೋಗುತ್ತದೆ, ಅದರ ಹಿಂದಿನ ಕುತ್ತಿಗೆ, ಭುಜಗಳ ನೋವು ಇಲ್ಲೇ ಉಳಿಯುತ್ತದೆ. ದಪ್ಪ ಬಟ್ಟೆಯ ಎರಡು ಮೂರು ಪದರಗಳನ್ನು ಸೂಜಿಯ ಕೆಳಗೆ ತಳ್ಳುವಾಗ ಮೊಣಕೈ ಮೇಲೆದ್ದಿರುತ್ತದೆ, ಗದ್ದ ಮುಂದಕ್ಕೆ ಚಾಚಿರುತ್ತದೆ, ಕಣ್ಣು ಸೂಜಿಯಿಂದ ಗೇಣಳತೆಯಲ್ಲಿರುತ್ತದೆ. ಹಾಗೆ ಗಂಟೆಗಟ್ಟಲೆ ಕುಳಿತರೆ ಕುತ್ತಿಗೆಯ ಹಿಂದಿನ ಸ್ನಾಯುಗಳಿಗೆ ಬಿಡುವೇ ಇಲ್ಲ. ಇವರಿಗೆ ಹತ್ತು ದಿನ ಕರೆಂಟ್ ಕೊಟ್ಟರೆ ಹತ್ತು ದಿನ ಹಗುರ, ಹನ್ನೊಂದನೆಯ ದಿನ ಅದೇ ಸ್ಟೂಲ್, ಅದೇ ನೋವು. ಆದ್ದರಿಂದ ಮೊದಲ ಭೇಟಿಗೆ ಬರುವಾಗ ನೀವು ಕೆಲಸ ಮಾಡುವ ಭಂಗಿಯ ಫೋಟೋವನ್ನು ಪಕ್ಕದಿಂದ ತೆಗೆಸಿಕೊಂಡು ಬನ್ನಿ. ಸ್ಟೂಲನ್ನು ಎಷ್ಟು ಎತ್ತರಿಸಬೇಕು, ಪೆಡಲ್ ಎಲ್ಲಿರಬೇಕು ಎಂದು ನೋಡಿ ಹೇಳುತ್ತೇವೆ. ಬೆನ್ನಿನ ಮೇಲ್ಭಾಗದ, ಭುಜದ ಹಲಗೆಯ ಸುತ್ತಲಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮಗಳನ್ನು ರಬ್ಬರ್ ಪಟ್ಟಿಯಿಂದ ಕಲಿಸುತ್ತೇವೆ. ಆ ಪಟ್ಟಿಯನ್ನು ಮನೆಯ ಕಿಟಕಿಯ ಸರಳಿಗೆ ಕಟ್ಟಿಕೊಂಡರೆ ಸಾಕು, ಜಿಮ್ ಬೇಕಿಲ್ಲ. ಒಂದು ಕಂತೆ ಮುಗಿದಾಗಲೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವ ಅಭ್ಯಾಸವನ್ನು ಈಗಲೇ ಶುರುಮಾಡಬಹುದು.

ಸಿರುಗುಪ್ಪ, ಕಂಪ್ಲಿ ಕಡೆಯಿಂದ ನಾಟಿಯ ಕಾಲ ಮುಗಿದ ಮೇಲೆ ಬರುವ ತಾಯಂದಿರಿಗೂ ಒಂದು ಮಾತು. “ಟೊಂಕ ಸವೆದಿದೆಯಂತೆ, ಇನ್ನು ಕೆಲಸ ಮಾಡಬಾರದಂತೆ” ಎಂದು ಎಂಆರ್‌ಐ ವರದಿ ಹಿಡಿದು ಅಳುತ್ತಾ ಬರುತ್ತೀರಿ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡಾ 37 ಮಂದಿಗೆ ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ಸವೆತ ಕಾಣುತ್ತದೆ, ಎಂಬತ್ತರ ವಯಸ್ಸಿನಲ್ಲಿ ಅದು ಶೇಕಡಾ 96. ತಲೆಗೂದಲು ನರೆಯುವ ಹಾಗೆ ವಯಸ್ಸಿನೊಂದಿಗೆ ಬರುವ ಬದಲಾವಣೆ ಅದು. ವರದಿಯಲ್ಲಿ ‘ಸವೆತ’ ಎಂಬ ಪದ ಇದೆ ಎಂದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಎಂದಲ್ಲ, ಬೆನ್ನು ಮುರಿದುಹೋಗುತ್ತದೆ ಎಂದಂತೂ ಖಂಡಿತ ಅಲ್ಲ. ಬಾಗುವುದನ್ನು ಬಿಟ್ಟರೆ ಬೆನ್ನು ಇನ್ನಷ್ಟು ಬಲಹೀನವಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸುತ್ತಾ ಬಾಗಲು, ಎತ್ತಲು ಮತ್ತೆ ಕಲಿಸುವುದೇ ಚಿಕಿತ್ಸೆ. ಬೆಲ್ಟ್ ಇಲ್ಲದೆ ಗದ್ದೆಗೆ ಇಳಿಯುವ ಧೈರ್ಯ ನಿಮಗೆ ಬರಬೇಕೆಂಬುದು ನಮ್ಮ ಆಸೆ.

ಮೊಣಕಾಲು ಸವೆತದವರಿಗೆ ಹೇಳುವುದೂ ಹೆಚ್ಚುಕಡಿಮೆ ಇದೇ: ತೊಡೆಗೆ ಬಲ, ದಿನಾ ನಡಿಗೆ, ಸಾಧ್ಯವಾದರೆ ತೂಕ ಇಳಿಕೆ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಈಗ ಆಟಗಾರರು. ಪೊಲೀಸ್ ನೇಮಕಾತಿ, ಸೇನಾ ಭರ್ತಿಯ ಪ್ರಕಟಣೆ ಬಂದ ಕೂಡಲೇ ಬೆಳಗಿನ ಜಾವ ಮೈದಾನಗಳು ತುಂಬಿಕೊಳ್ಳುತ್ತವೆ. ನಿನ್ನೆಯವರೆಗೆ ಓಡದವರು ಇಂದಿನಿಂದ ದಿನವೂ 1600 ಮೀಟರ್ ಗಡಿಯಾರ ಹಿಡಿದು ಓಡುತ್ತಾರೆ. ಕೆಲವೇ ವಾರಗಳಲ್ಲಿ ಮೊಣಕಾಲ ಕೆಳಗಿನ ಮುಂದಿನ ಎಲುಬಿನಲ್ಲಿ ನೋವು. ಶ್ವಾಸಕೋಶ ಬೇಗ ಒಗ್ಗಿಕೊಳ್ಳುತ್ತದೆ, ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಬಿಗಿಯುವ ನಾರು) ಮತ್ತು ಎಲುಬು ನಿಧಾನ. ನೋವು ಎಲುಬಿನ ಉದ್ದಕ್ಕೂ ಹರಡಿದ್ದು, ಮೈ ಬಿಸಿಯಾದ ಮೇಲೆ ಕಡಿಮೆಯಾದರೆ ಓಟ ತಗ್ಗಿಸಿ ಸರಿಪಡಿಸಬಹುದು. ಆದರೆ ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚುತ್ತಿದ್ದು, ರಾತ್ರಿ ಮಲಗಿದಾಗಲೂ ಕಾಡುತ್ತಿದ್ದರೆ ಅದು ಎಲುಬಿನ ಸೀಳು ಇರಬಹುದು. ಆಗ ಕೂಡಲೇ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಮೊದಲ ಎಕ್ಸ್-ರೇಯಲ್ಲಿ ಅದು ಕಾಣದೇ ಇರುವುದೂ ಉಂಟು. ನೋವು ನುಂಗಿ ಓಡಿದರೆ ಆಯ್ಕೆಯೂ ಇಲ್ಲ, ಕಾಲೂ ಇಲ್ಲ. ಪ್ರಕಟಣೆಗೆ ಕಾಯದೆ ತಿಂಗಳುಗಳ ಮೊದಲೇ ತಯಾರಿ ಆರಂಭಿಸಿ ಎಂದು ನಿಮ್ಮ ಮನೆಯ, ಓಣಿಯ ಹುಡುಗ ಹುಡುಗಿಯರಿಗೆ ದಯವಿಟ್ಟು ಹೇಳಿ.

ಹಿಮ್ಮಡಿಯ ಮೇಲಿನ ದಪ್ಪ ರಜ್ಜುವಿನ ನೋವಿಗೆ 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ವ್ಯಾಯಾಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಎರಡೂ ಕಾಲಲ್ಲಿ ಮೇಲೇರಿ, ನೋವಿರುವ ಒಂದೇ ಕಾಲಿನ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಹೀಗೆ ಹದಿನೈದು ಸಲದ ಮೂರು ಸುತ್ತು, ಮೊಣಕಾಲು ನೇರವಾಗಿಟ್ಟು ಒಮ್ಮೆ, ಮಡಚಿ ಒಮ್ಮೆ, ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ. ದಿನಕ್ಕೆ 180 ಸಲ ಆಯಿತು. ಅಷ್ಟೂ ಎಲ್ಲರಿಗೂ ಬೇಕಿಲ್ಲ, ಆದರೆ ರಜ್ಜು ಗಟ್ಟಿಯಾಗಲು ಹಿಡಿಯುವ ಕಾಲದ ಅಂದಾಜು ಇದರಿಂದ ಸಿಗುತ್ತದೆ. ಹತ್ತು ದಿನದ ಪ್ಯಾಕೇಜನ್ನು ಕೈಬಿಡಲು ದೊಡ್ಡ ಕಾರಣವೂ ಇದೇ. ಬಲ ಬರುವುದು ವಾರಗಳ ಲೆಕ್ಕದಲ್ಲಿ. ನಿಮ್ಮ ಹಣ ಮತ್ತು ಬಸ್ ಚಾರ್ಜು ಮೊದಲ ಹತ್ತು ದಿನಕ್ಕೇ ಖಾಲಿಯಾಗಿಬಿಟ್ಟರೆ ಮುಂದಿನ ವಾರಗಳಲ್ಲಿ ನಿಮ್ಮನ್ನು ನೋಡಿಕೊಳ್ಳುವವರಿರುವುದಿಲ್ಲ.

ಕಬಡ್ಡಿಯಲ್ಲಿ ಕಾಲು ತಿರುಚಿ ‘ಟಪ್’ ಎಂದು ಸದ್ದಾಗಿ, ಒಂದೆರಡು ಗಂಟೆಯಲ್ಲೇ ಮೊಣಕಾಲು ಊದಿದರೆ ಒಳಗಿನ ಲಿಗಮೆಂಟ್ (ಎಲುಬುಗಳನ್ನು ಜೋಡಿಸಿ ಹಿಡಿಯುವ ನಾರು) ಹರಿದಿರುವ ಸಂಶಯ ಬಲವಾಗಿರುತ್ತದೆ. ಮೊದಲು ಮೂಳೆ ತಜ್ಞರಿಗೆ ತೋರಿಸಿ. ಆಪರೇಷನ್ ಆದವರು ಒಂಬತ್ತು ತಿಂಗಳಿಗೆ ಮೊದಲು ಅಂಕಣಕ್ಕೆ ಇಳಿದರೆ ಮತ್ತೆ ಗಾಯವಾಗುವ ಅಪಾಯ ಬಹಳ ಹೆಚ್ಚು. ಪಂದ್ಯಾವಳಿ ಎಷ್ಟೇ ದೊಡ್ಡದಿರಲಿ, ತರಬೇತುದಾರರು ಎಷ್ಟೇ ಒತ್ತಾಯಿಸಲಿ, ಎರಡೂ ಕಾಲುಗಳ ಬಲ ಅಳೆದು ನೋಡದೆ ನಾವು ‘ಆಡಬಹುದು’ ಎಂದು ಬರೆದುಕೊಡುವುದಿಲ್ಲ.

ಪಾದ ಉಳುಕಿದರೆ ತಕ್ಷಣ ಎಣ್ಣೆ ಹಚ್ಚಿ ತಿಕ್ಕಬೇಡಿ, ಜಗ್ಗಿಸಿಕೊಳ್ಳಬೇಡಿ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಸರಳ ನಿಯಮವೊಂದಿದೆ: ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಿಣ್ಣಿನ ಎಲುಬಿನ ಹಿಂದಿನ ಅಂಚನ್ನು ಒತ್ತಿದಾಗ ನೋವಾದರೆ ಎಕ್ಸ್-ರೇ ಬೇಕು. ನಾಟಿ ಕಟ್ಟು ಹಾಕಿಸುವ ರೂಢಿ ನಮ್ಮ ಭಾಗದಲ್ಲಿದೆ, ಅಲ್ಲಿಗೆ ಹೋಗಿ ಬಂದವರನ್ನು ನಾವು ಗದರಿಸುವುದಿಲ್ಲ. ಎಕ್ಸ್-ರೇ ತೆಗೆಸದೆ ಕಟ್ಟಿಸಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇವೆ. ಟೊಂಕ ನೋವಿನ ಜೊತೆಗೆ ಮೂತ್ರ ಮಲದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ನಮ್ಮ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ. ಜ್ವರದೊಂದಿಗೆ ಕೀಲು ಊದಿದ್ದರೂ ಹಾಗೆಯೇ.

ಇನ್ನು ಶುಲ್ಕ. ಇಲ್ಲಿಯವರೆಗೆ ದಿನಕ್ಕೆ 200 ರೂಪಾಯಿಯಂತೆ ಹತ್ತು ದಿನಕ್ಕೆ 2,000 ರೂಪಾಯಿ ಆಗುತ್ತಿತ್ತು. ಹೊಸ ಪದ್ಧತಿಯಲ್ಲಿ ಮೊದಲ ಭೇಟಿಗೆ 500 ರೂಪಾಯಿ, ನಂತರದ ಭೇಟಿಗೆ 350 ರೂಪಾಯಿ. ಆರು ವಾರದಲ್ಲಿ ಒಟ್ಟು ಆರು ಭೇಟಿ ಬೇಕಾದವರಿಗೆ 2,250 ರೂಪಾಯಿ ಆಗುತ್ತದೆ. ಅಂದರೆ ನಮಗೆ ಕೊಡುವ ಹಣ ಸ್ವಲ್ಪ ಹೆಚ್ಚು, ಆದರೆ ನಾಲ್ಕು ದಿನದ ಪ್ರಯಾಣ ಮತ್ತು ಕೂಲಿ ಉಳಿಯುತ್ತದೆ. ಒಟ್ಟಿಗೆ ಕೊಡಬೇಕಿಲ್ಲ, ಬಂದ ದಿನ ಕೊಟ್ಟರೆ ಸಾಕು. ಸಂಡೂರು, ಸಿರುಗುಪ್ಪದಂಥ ದೂರದ ಊರಿನವರು ಹದಿನೈದು ದಿನಕ್ಕೊಮ್ಮೆ ಬಂದು, ನಡುವಿನ ವಾರದಲ್ಲಿ ಮೊಬೈಲ್‌ನಲ್ಲಿ ವಿಡಿಯೋ ಕರೆ ಮಾಡಿ ವ್ಯಾಯಾಮ ತೋರಿಸಬಹುದು, ಅದಕ್ಕೆ ಹಣವಿಲ್ಲ.

ದಿನಾ ಬೆಳಿಗ್ಗೆ ಬಂದು, ನಾಲ್ಕು ಮಾತಾಡಿ ಹೋಗುವ ಹಿರಿಯರು ನಮ್ಮಲ್ಲಿ ಅನೇಕರಿದ್ದೀರಿ. ನೋವಿನಷ್ಟೇ ಒಂಟಿತನವೂ ಮೊಣಕಾಲನ್ನು ಹಿಡಿದು ಕೂರಿಸುತ್ತದೆ ಎಂಬುದನ್ನು ನಾವು ದಿನವೂ ಕಾಣುತ್ತೇವೆ. ನಿಮಗಾಗಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ 7ರಿಂದ 8ರವರೆಗೆ ಗುಂಪು ವ್ಯಾಯಾಮ ಇಟ್ಟಿದ್ದೇವೆ. ಕುರ್ಚಿಯಿಂದ ಕೈ ಊರದೆ ಏಳುವುದು, ಒಂದು ಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತುವುದು ಇವೇ ಮುಖ್ಯ. ಶುಲ್ಕ 50 ರೂಪಾಯಿ.

ಶಾಲೆ, ಕಾಲೇಜು, ಸಂಘಗಳ ತಂಡಗಳಿಗೆ ಭಾನುವಾರ ಬೆಳಿಗ್ಗೆ ಉಚಿತ ತರಬೇತಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೂಪಿಸಿದ ಇಪ್ಪತ್ತು ನಿಮಿಷದ ‘11+’ ವಾರ್ಮ್-ಅಪ್ ಹಾಗೂ ತೊಡೆಯ ಹಿಂಭಾಗದ ಗಾಯಗಳನ್ನು ಬಹಳಷ್ಟು ತಡೆಯುವ ನಾರ್ಡಿಕ್ ವ್ಯಾಯಾಮವನ್ನು (ಮಂಡಿಯೂರಿ ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವುದು) ಕಲಿಸುತ್ತೇವೆ. ದೈಹಿಕ ಶಿಕ್ಷಕರು ಮೊದಲೇ ತಿಳಿಸಿದರೆ ಜಾಗ ಕಾಯ್ದಿರಿಸುತ್ತೇವೆ.

ಬಿಸಿಲಿನ ಕಾರಣ ಮಧ್ಯಾಹ್ನ ಕೇಂದ್ರ ಮುಚ್ಚಿರುತ್ತದೆ. ಬೆಳಿಗ್ಗೆ 6.30ರಿಂದ 11, ಸಂಜೆ 4.30ರಿಂದ 9. ಸಂಜೆಯ ಕೊನೆಯ ಗಂಟೆಯನ್ನು ಹೊಲಿಗೆ ಘಟಕಗಳಲ್ಲಿ ದುಡಿಯುವವರಿಗೆ ಮೀಸಲಿಟ್ಟಿದ್ದೇವೆ. ಮಹಿಳೆಯರು ಬಯಸಿದರೆ ಮಹಿಳಾ ಫಿಸಿಯೋಥೆರಪಿಸ್ಟ್ ಅವರೇ ನೋಡುತ್ತಾರೆ, ಪ್ರತ್ಯೇಕ ಕೋಣೆಯಿದೆ.

ಈಗಾಗಲೇ ಹತ್ತು ದಿನದ ಹಣ ಕಟ್ಟಿ ದಿನಗಳು ಬಾಕಿ ಉಳಿದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಹಳೆಯ ಪದ್ಧತಿಯಲ್ಲೇ ಮುಗಿಸುವುದು, ಅಥವಾ ಬಾಕಿ ಹಣವನ್ನು ಹೊಸ ಶುಲ್ಕಕ್ಕೆ ಹೊಂದಿಸಿಕೊಳ್ಳುವುದು. ಎರಡೂ ಬೇಡವೆಂದರೆ ರಸೀದಿ ತೋರಿಸಿ ಹಣ ಹಿಂದಕ್ಕೆ ಪಡೆಯಿರಿ, ಬೇಸರವಿಲ್ಲ. ಮೊದಲ ಭೇಟಿಗೆ ಬರುವಾಗ ಹಳೆಯ ಎಕ್ಸ್-ರೇ, ಔಷಧಿ ಚೀಟಿ, ದಿನಾ ಹಾಕುವ ಚಪ್ಪಲಿ ಅಥವಾ ಬೂಟು ತನ್ನಿ. ಸಕ್ಕರೆ ಕಾಯಿಲೆ ಇದ್ದರೆ ಮರೆಯದೆ ಹೇಳಿ, ಭುಜ ಬಿಗಿಯುವುದು ಅಂಥವರಲ್ಲಿ ಹೆಚ್ಚು.

ಇಂತಿ ನಿಮ್ಮ ವಿಶ್ವಾಸಿಗಳು,
ಕೇಂದ್ರದ ಫಿಸಿಯೋಥೆರಪಿಸ್ಟ್‌ಗಳು ಮತ್ತು ಸಿಬ್ಬಂದಿ
ಬಳ್ಳಾರಿ