ಕ್ಯಾಮೆರಾ ಬ್ಯಾಗ್ ತೆರೆಯದೆ ಕೂತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿನ್ನ ಮೇಲ್ ಓದಿದೆ. ಗುಡ್ಡ ಕುಸಿದ ಊರಿನಿಂದ ಬಂದ ಮೇಲೆ ಕ್ಯಾಮೆರಾ ಮುಟ್ಟಲು ಮನಸ್ಸಾಗುತ್ತಿಲ್ಲ ಅಂದಿದ್ದೀಯ. ಅಲ್ಲಿ ನೀನು ತೆಗೆದ ಅಜ್ಜಿಯ ಫೋಟೊ ನೋಡಿ ಯಾರೋ 'ಫೋಟೊ ತೆಗೀತಾ ನಿಂತ್ಯಲ್ಲ, ಕೈ ಹಿಡಿದು ಎಬ್ಬಿಸೋಕೆ ಆಗ್ಲಿಲ್ವಾ' ಅಂದರಂತೆ. ಆ ಮಾತು ನಿನ್ನ ನಿದ್ದೆ ಕೆಡಿಸಿದೆ. ನಿನ್ನ ಹಾಗೇ ಒದ್ದಾಡುತ್ತಿರುವವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ಈ ಪ್ರಶ್ನೆಯ ಏಟು ಎಲ್ಲರಿಗಿಂತ ಜಾಸ್ತಿ ತಿಂದವರು ದಕ್ಷಿಣ ಆಫ್ರಿಕಾದ ಪತ್ರಿಕಾ ಛಾಯಾಗ್ರಾಹಕ ಕೆವಿನ್ ಕಾರ್ಟರ್. 1993ರಲ್ಲಿ ಸುಡಾನಿನ ಅಯೋಡ್ ಎಂಬಲ್ಲಿ ಅವರು ತೆಗೆದ ಫೋಟೊ ನಿನಗೆ ಗೊತ್ತು. ನೆಲಕ್ಕೆ ಕುಸಿದ ಮಗು, ಹಿಂದೆ ಕೂತ ರಣಹದ್ದು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದು ಅಚ್ಚಾದ ಮೇಲೆ ಓದುಗರು ಕೇಳಿದ್ದೇ ಕೇಳಿದ್ದು, ಮಗು ಏನಾಯಿತು ಅಂತ. ಮುಂದಿನ ವರ್ಷ ಅದಕ್ಕೆ ಪುಲಿಟ್ಜರ್ ಬಂತು, ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಅದು. ಅದೇ ಜುಲೈನಲ್ಲಿ ಕಾರ್ಟರ್ ತಮ್ಮ ಜೀವ ತೆಗೆದುಕೊಂಡರು. ಆಗ ಅವರಿಗೆ 33 ವರ್ಷ. ಒಂದು ಫೋಟೊದ ಪಾಪಪ್ರಜ್ಞೆಯಿಂದಲೇ ಸತ್ತರು ಎಂಬ ಕಥೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇವತ್ತಿಗೂ ಸುತ್ತುತ್ತಿದೆ. ನನಗೆ ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ದಕ್ಷಿಣ ಆಫ್ರಿಕಾದ ಬೀದಿಗಳಲ್ಲಿ ವರ್ಷಗಟ್ಟಲೆ ಕೊಲೆಗಳನ್ನು ಕಣ್ಣಾರೆ ಕಂಡವರು ಅವರು. ಆ ಏಪ್ರಿಲ್‌ನಲ್ಲಿ ಜೊತೆಗಾರ ಕೆನ್ ಊಸ್ಟರ್‌ಬ್ರೋಕ್ ಥೊಕೊಜಾದಲ್ಲಿ ಗುಂಡಿಗೆ ಬಲಿಯಾಗಿದ್ದರು. ಕಾರ್ಟರ್‌ಗೆ ಸಾಲವಿತ್ತು, ಕೈಯಲ್ಲಿ ದುಡ್ಡಿರಲಿಲ್ಲ.

ಆ ಫೋಟೊವನ್ನೇ ಇನ್ನೊಮ್ಮೆ ದೊಡ್ಡದು ಮಾಡಿ ನೋಡು. ಮಗುವಿನ ಮಣಿಕಟ್ಟಿನಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ. ವಿಶ್ವಸಂಸ್ಥೆಯ ಆಹಾರ ಕೇಂದ್ರದಲ್ಲಿ ಹೆಸರು ಬರೆಸಿದ ಮಕ್ಕಳಿಗೆ ಕಟ್ಟುತ್ತಿದ್ದ ಪಟ್ಟಿ ಅದು. ಕಾರ್ಟರ್ ರಣಹದ್ದನ್ನು ಓಡಿಸಿದ್ದರು. 2011ರಲ್ಲಿ ಸ್ಪೇನಿನ ಪತ್ರಿಕೆಯೊಂದರ ವರದಿಗಾರ ಅಯೋಡ್‌ಗೆ ಹೋಗಿ ಮನೆಯವರನ್ನು ಹುಡುಕಿದ. ಎಲ್ಲರೂ ಹೆಣ್ಣುಮಗು ಅಂದುಕೊಂಡಿದ್ದು ಗಂಡುಮಗು, ಆ ಬರದಲ್ಲಿ ಸಾಯದೆ ಬದುಕಿ ಬೆಳೆದು ದೊಡ್ಡವನಾಗಿದ್ದ ಅಂತ ತಂದೆ ಹೇಳಿದರು. ಅವನು ತೀರಿಕೊಂಡಿದ್ದು ಎಷ್ಟೋ ವರ್ಷದ ಮೇಲೆ, ಜ್ವರ ಬಂದು. ಈ ಉತ್ತರ ಸಿಗಲು 18 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಕಾರ್ಟರ್ ಇರಲಿಲ್ಲ, ಆ ಹುಡುಗನೂ ಇರಲಿಲ್ಲ.

ಇದನ್ನು ಇಷ್ಟುದ್ದ ಬರೆದಿದ್ದಕ್ಕೆ ಕಾರಣ ಇದೆ. ಆ ಗಳಿಗೆಯಲ್ಲಿ ನೀನು ಏನು ಮಾಡಿದೆ ಅನ್ನುವುದನ್ನೇ ಹಿಡಿದು ಜಗ್ಗಾಡಿದರೆ ನಿನಗೆ ಉತ್ತರ ಸಿಗಲ್ಲ. ಆಮೇಲೆ ಯಾರು ವಾಪಸ್ ಹೋದರು ಅಂತ ಕೇಳಬೇಕು. ನನಗೆ ಮುಖ್ಯ ಅನಿಸುವುದು ಅದೇ.

ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಡ್ಯಾನಿಶ್ ಸಿದ್ದಿಕಿಯನ್ನು ನೆನಪಿಸಿಕೋ. 2017ರಲ್ಲಿ ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಳ್ಳಲು ಓಡಿಬಂದು ದೋಣಿ ಇಳಿದ ರೋಹಿಂಗ್ಯಾ ಹೆಂಗಸು ಬಾಂಗ್ಲಾದೇಶದ ದಡದ ಮರಳನ್ನು ಕೈಯಿಂದ ಮುಟ್ಟುವ ಆ ಫೋಟೊ ಅವರದು. ಪುಲಿಟ್ಜರ್ ಪಡೆದ ರಾಯಿಟರ್ಸ್ ತಂಡದಲ್ಲಿ ಅವರಿದ್ದರು. ಆದರೆ ನಾನು ಅವರನ್ನು ಮೆಚ್ಚುವುದು ಇನ್ನೊಂದಕ್ಕೆ. 2020ರ ದೆಹಲಿ ಗಲಭೆಯಲ್ಲಿ ಗುಂಪೊಂದು ಒಬ್ಬನನ್ನು ದೊಣ್ಣೆಗಳಿಂದ ಬಡಿಯುತ್ತಿದ್ದುದನ್ನು ತೆಗೆದರು. ಆತ ಬದುಕಿದ್ದಾನೆ ಅಂತ ತಿಳಿದದ್ದೇ ಹುಡುಕಿಕೊಂಡು ಹೋದರು. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ನೆಂಟರ ಮನೆಯಲ್ಲಿದ್ದ ಆತನನ್ನು ಕಂಡು ಮತ್ತೆ ಫೋಟೊ ತೆಗೆದರು. ಮೊದಲನೆಯದರಲ್ಲಿ ಆತ ಏಟು ತಿನ್ನುತ್ತಿದ್ದ ಒಂದು ದೇಹ. ಎರಡನೆಯದರಲ್ಲಿ ನಮ್ಮನ್ನು ನೋಡುವ ಒಬ್ಬ ಮನುಷ್ಯ. ಎರಡೂ ಒಬ್ಬರೇ ತೆಗೆದರು ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ. 2021ರ ಜುಲೈ 16ರಂದು ಅಫ್ಗಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಅವರನ್ನು ಕಳೆದುಕೊಂಡೆವು.

ಕ್ಯಾಮೆರಾ ಬಿಟ್ಟುಬಿಡ್ತೀನಿ ಅಂದಿದ್ದೀಯಲ್ಲ, ಅದಕ್ಕೂ ಒಂದು ಮಾತು. ಬ್ರೆಜಿಲ್‌ನ ಹೆಸರಾಂತ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಲ್ಗಾಡೊ ಕೂಡ ಬಿಟ್ಟಿದ್ದರು. ರುವಾಂಡಾದ ನರಮೇಧ ಕಂಡು ಬಂದ ಮೇಲೆ ಅವರ ಮೈಯೇ ಕೈಕೊಟ್ಟಿತು. ಹೀಗೇ ಮುಂದುವರಿದರೆ ಉಳಿಯಲ್ಲ, ನಿಲ್ಲಿಸು ಅಂದರು ಡಾಕ್ಟರು. ಬ್ರೆಜಿಲ್‌ನ ಐಮೊರೆಸ್‌ನಲ್ಲಿದ್ದ ಅಪ್ಪನ ಜಮೀನಿಗೆ ಬಂದರೆ ಅದೂ ಬೋಳಾಗಿತ್ತು. ದನ ಮೇದು, ಮರ ಕಡಿದು, ಮಣ್ಣು ಕೊಚ್ಚಿಹೋಗಿತ್ತು. ಇಲ್ಲಿ ಕಾಡು ಬೆಳೆಸೋಣ ಅಂದಿದ್ದು ಹೆಂಡತಿ ಲೇಲಿಯಾ. 1998ರಲ್ಲಿ ಇಬ್ಬರೂ ಸೇರಿ ಸಂಸ್ಥೆ ಕಟ್ಟಿದರು. ಮೊದಲು ನೆಟ್ಟ ಸಸಿಗಳಲ್ಲಿ ಎಷ್ಟೋ ಒಣಗಿದವು, ಮತ್ತೆ ನೆಟ್ಟರು. ಇವತ್ತು ಅಲ್ಲಿ 20 ಲಕ್ಷಕ್ಕೂ ಹೆಚ್ಚು ಮರಗಳಿವೆ, ಬತ್ತಿದ್ದ ಒರತೆಗಳಲ್ಲಿ ನೀರಿದೆ. ಆ ಕೆಲಸ ಮಾಡುತ್ತಲೇ ಅವರಿಗೆ ಮತ್ತೆ ಫೋಟೊ ತೆಗೆಯುವ ಆಸೆ ಹುಟ್ಟಿತು. ಆಮೇಲೆ ಎಂಟು ವರ್ಷ ಹಿಮ, ಕಾಡು, ಮರುಭೂಮಿ ಅಂತ ಸುತ್ತಿದರು. ಆ ತಿರುಗಾಟದಲ್ಲೇ, 2010ರಲ್ಲಿ ಇಂಡೋನೇಷ್ಯಾದಲ್ಲಿ ತಗುಲಿದ ಮಲೇರಿಯಾ ಕೊನೆಗೆ ರಕ್ತದ ಕ್ಯಾನ್ಸರಿಗೆ ತಿರುಗಿ, 2025ರ ಮೇನಲ್ಲಿ ಅವರು ಹೋದರು. ನೋವನ್ನು ಚೆಂದ ಮಾಡಿ ತೋರಿಸುತ್ತಾರೆ ಎಂಬ ಟೀಕೆ ಅವರ ಮೇಲೆ ಕೊನೆವರೆಗೂ ಇತ್ತು. ನಾನು ಅದನ್ನು ಒಪ್ಪಲ್ಲ. ಬಡವನ ಫೋಟೊ ಕೆಟ್ಟದಾಗಿಯೇ ಇರಬೇಕು ಅಂತ ಯಾರು ಹೇಳಿದ್ದು?

ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನೂ ತೆಗೆದು ನೋಡು. ಅವರು ತೆಗೆದ ಮಕ್ಕಳ ಫೋಟೊಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಬಡ ಮಕ್ಕಳೇ ಜಾಸ್ತಿ, ಆದರೂ ಕನಿಕರ ಪಡು ಅಂತ ಒಂದು ಫೋಟೊವೂ ನಮ್ಮನ್ನು ಒತ್ತಾಯಿಸಲ್ಲ.

ಈಗ ನಿನ್ನ ವಿಷಯ. ನಿದ್ದೆ ಬಾರದೆ ಇಷ್ಟು ದಿನ ಆಗಿದೆ ಅಂದರೆ ಸುಮ್ನೆ ಸಹಿಸಿಕೊಂಡು ಕೂರಬೇಡ. ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ. ರಾತ್ರಿ ಹೊತ್ತು ತೀರಾ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ಆ ಅಜ್ಜಿ. ನಿನ್ನ ಫೋಟೊ ಪತ್ರಿಕೆಯಲ್ಲಿ 'ಸಂತ್ರಸ್ತ ವೃದ್ಧೆ' ಅಂತ ಬಂತು. ನೀನು ಅವರ ಹೆಸರು ಕೇಳಿ ಡೈರಿಯಲ್ಲಿ ಬರೆದುಕೊಂಡಿದ್ದೀಯ, ನನಗೆ ಗೊತ್ತು. ಅವರು ಈಗ ಎಲ್ಲಿದ್ದಾರೆ, ಪರಿಹಾರ ಸಿಕ್ಕಿತಾ, ಮನೆ ಎದ್ದಿತಾ, ಮಾತ್ರೆಗೆ ಯಾರು ದುಡ್ಡು ಕೊಡ್ತಾರೆ? ಇದನ್ನು ಹೋಗಿ ಕೇಳೋಣ. ಕ್ಯಾಮೆರಾ ತರಬೇಕಾ ಬೇಡವಾ ಅಂತ ಹೊರಡುವ ದಿನ ನೀನೇ ನೋಡು. ದೀಪಾವಳಿಗೆ ಮುಂಚಿನ ಭಾನುವಾರ ನನಗೆ ರಜೆ ಇದೆ, ರಾತ್ರಿ ಬಸ್ಸಿಗೆ ಎರಡು ಸೀಟು ಮಾಡಿಸಲಾ? ಬೇಗ ಹೇಳು.

ನಿನ್ನವ